ಅವಿಭಕ್ತ ಮನೆಯ ನೆನಪು ಮತ್ತು ಶ್ರಾವಕಧರ್ಮ

ಒಂದೇ ಸೂರಿನಡಿಯಲ್ಲಿ ಮೂರು ತಲೆಮಾರುಗಳು ಕೂಡಿ ಬಾಳಿದ ಮನೆಯಲ್ಲಿ ಬೆಳೆದವರು ಇಂದು ಅರವತ್ತು, ಎಪ್ಪತ್ತರ ವಯಸ್ಸಿನಲ್ಲಿದ್ದಾರೆ. ಮದುವೆಯ ಮಂಟಪದಲ್ಲಿ, ಪಂಚಕಲ್ಯಾಣ ಮಹೋತ್ಸವದ ಊಟದ ಚಪ್ಪರದಲ್ಲಿ, ಬಸದಿಯ ಜಗಲಿಯ ಮೇಲೆ ಇವರು ಕಲೆತಾಗ ಮಾತು ತಾನಾಗಿ ಆ ಮನೆಯ ಕಡೆಗೆ ಹೊರಳುತ್ತದೆ. "ಆ ಕಾಲ ಹೋಯಿತು" ಎಂಬ ನಿಟ್ಟುಸಿರಿನೊಂದಿಗೆ ಮುಗಿಯುತ್ತದೆ. ಕಿರಿಯರು ಗೌರವದಿಂದ ಕೇಳಿ ಎದ್ದುಹೋಗುತ್ತಾರೆ. ಆದರೆ ಇದು ಬರಿಯ ನಿಟ್ಟುಸಿರಿನಲ್ಲಿ ಮುಗಿಯತಕ್ಕ ವಿಷಯವಲ್ಲ. ಈ ನೆನಪಿನೊಳಗೆ ಧರ್ಮವಿಚಾರಕ್ಕೆ ತಕ್ಕ ಪ್ರಶ್ನೆಯೊಂದು ಅಡಗಿದೆ. ಆ ಮನೆಯಲ್ಲಿ ಹಂಚಿಕೊಂಡು ಬಾಳಿದ್ದು ಧರ್ಮವೋ, ಅಥವಾ ಕೇವಲ ವ್ಯವಸ್ಥೆಯೋ? ಧರ್ಮವಾಗಿದ್ದರೆ ಮನೆ ಒಡೆದ ಮೇಲೂ ಅದು ಉಳಿಯಬೇಕಲ್ಲವೇ? ಕೇವಲ ವ್ಯವಸ್ಥೆಯಾಗಿದ್ದರೆ ಅದು ಹೋದುದಕ್ಕೆ ಇಷ್ಟು ಮರುಗುವುದೇಕೆ?

ಮಗುವಿನ ಕಣ್ಣಿಗೆ ಕಂಡ ಮನೆ

ಮೊದಲಿಗೆ ನೆನಪು ಏನನ್ನು ಹೇಳುತ್ತದೆ ಎಂಬುದನ್ನು ಕೇಳಬೇಕು. ಬೆಳಗಾವಿ, ಧಾರವಾಡ ಸೀಮೆಯ ಒಕ್ಕಲುತನದ ಜೈನ ಮನೆಗಳಲ್ಲಿ ಬೆಳೆದವರ ಮಾತುಗಳು ಬಹುಮಟ್ಟಿಗೆ ಒಂದೇ ಬಗೆಯವು. ಪಡಸಾಲೆಯಲ್ಲಿ ಹಾಸಿದ ಜಮಖಾನೆಯ ಮೇಲೆ ಹತ್ತು ಹದಿನೈದು ಮಕ್ಕಳ ಸಾಲುನಿದ್ದೆ. ಹಬ್ಬಕ್ಕೆ ಒಂದೇ ಥಾನಿನ ಬಟ್ಟೆಯಲ್ಲಿ ಎಲ್ಲ ಹುಡುಗರಿಗೂ ಅಂಗಿ. ಜಾತ್ರೆಯ ಗದ್ದಲದಲ್ಲಿ ಇವು ಯಾರ ಮನೆಯ ಮಕ್ಕಳೆಂದು ದೂರದಿಂದಲೇ ಗುರುತು. ಅಣ್ಣ ಓದಿದ ಪುಸ್ತಕ ತಮ್ಮನಿಗೆ, ತಮ್ಮನಿಂದ ಕಾಕಾನ ಮಗನಿಗೆ, ಕೊನೆಗೆ ರಟ್ಟು ಹರಿದ ಮೇಲೆ ನೆರೆಮನೆಯ ಬಡ ಹುಡುಗನಿಗೆ. ತಪ್ಪು ಮಾಡಿದ ಮಗುವಿನ ಕಿವಿ ಹಿಂಡಲು ಮನೆಯ ಯಾವ ಹಿರಿಯನಿಗೂ ಅಧಿಕಾರ; ಅಳುವ ಮಗುವನ್ನು ಎತ್ತಿಕೊಳ್ಳಲು ಯಾವ ಹೆಂಗಸಿಗೂ ಅಷ್ಟೇ ಅಧಿಕಾರ.

ಇನ್ನೊಂದು ಸಂಗತಿಯನ್ನು ಅನೇಕರು ನಗುತ್ತ ಹೇಳುತ್ತಾರೆ. ಮನೆಯ ಮೈದುನಂದಿರು ಹಿರಿಯ ಸೊಸೆಯನ್ನು "ವೈನಿ" ಎಂದು ಕರೆಯುವುದನ್ನು ಕೇಳಿ ಕೇಳಿ ಅವಳ ಸ್ವಂತ ಮಕ್ಕಳೂ ಅವಳನ್ನು "ವೈನಿ" ಎಂದೇ ಕರೆಯುತ್ತಿದ್ದರು. ತಂದೆಯನ್ನು "ಕಾಕಾ" ಎಂದೋ "ಅಣ್ಣ" ಎಂದೋ ಕರೆದು ಬೆಳೆದವರಂತೂ ಎಷ್ಟೋ ಜನ. ಹಿರಿಯರ ಎದುರಿಗೆ ತನ್ನ ಮಗುವನ್ನು ಎತ್ತಿ ಮುದ್ದಿಸುವುದು ಅಂದಿನ ತಂದೆಗೆ ನಾಚಿಕೆಯ ವಿಷಯವಾಗಿತ್ತು. ತಮ್ಮನ ಮಗುವನ್ನು ಎತ್ತಿಕೊಳ್ಳಲು ಆ ನಾಚಿಕೆ ಇರಲಿಲ್ಲ. ಇದರ ಫಲವಾಗಿ ತಂದೆಯನ್ನು ಎಳವೆಯಲ್ಲಿ ಕಳೆದುಕೊಂಡ ಮಗು ತಾನು ಅನಾಥನೆಂಬುದನ್ನು ತಿಳಿಯದೆಯೇ ದೊಡ್ಡದಾಗುತ್ತಿತ್ತು. ಆ ಮನೆಯ ಗುಣಗಳಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇರಲಾರದು.

ಆಚಾರದ ಪಾಠವೂ ಹೀಗೆಯೇ ಉಪದೇಶವಿಲ್ಲದೆ ಆಗುತ್ತಿತ್ತು. ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುವುದು, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುವುದು, ಜಿನದರ್ಶನವಾಗದೆ ಬಾಯಿಗೆ ಏನನ್ನೂ ಹಾಕದಿರುವುದು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವುದು, ಇವುಗಳನ್ನು ಮಗುವಿಗೆ ಯಾರೂ ಕೂರಿಸಿ ಬೋಧಿಸಲಿಲ್ಲ. ದಶಲಕ್ಷಣ ಪರ್ವದಲ್ಲಿ ಹಿರಿಯರು ಒಪ್ಪತ್ತು ಮಾಡಿದರೆ ಮಕ್ಕಳು ಪೈಪೋಟಿಯಿಂದ ಒಪ್ಪತ್ತು ಮಾಡುತ್ತಿದ್ದರು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಆಯಿ ಒಬ್ಬೊಬ್ಬರನ್ನೇ ಒಳಗೆ ಕರೆದು ಹಾಲು ಕುಡಿಸುತ್ತಿದ್ದರು. ನಲವತ್ತು ಜನ ಒಟ್ಟಿಗೆ ಪಾಲಿಸುವ ನಿಯಮ ಮಗುವಿಗೆ ನಿಯಮವೆಂದು ಕಾಣುವುದಿಲ್ಲ. ಅದು ಉಸಿರಾಟದಷ್ಟು ಸಹಜವಾಗುತ್ತದೆ.

ಹಂಚಿಕೆ ಮತ್ತು ಅಪರಿಗ್ರಹ

ಇಂತಹ ಮನೆಯಲ್ಲಿ ಬೆಳೆದವನು ಅಪರಿಗ್ರಹವನ್ನು ಕಲಿತನೆಂದು ಹೇಳುವುದು ರೂಢಿ. ಈ ಮಾತನ್ನು ಸ್ವಲ್ಪ ನಿಧಾನವಾಗಿ ಪರೀಕ್ಷಿಸಬೇಕು. ಶ್ರಾವಕನ ಐದನೆಯ ಅಣುವ್ರತಕ್ಕೆ ಪರಿಗ್ರಹಪರಿಮಾಣವೆಂದು ಹೆಸರು. ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯ ಮೊದಲಾದವುಗಳಲ್ಲಿ ತನಗೆ ಇಷ್ಟು ಸಾಕೆಂದು ತಾನೇ ಮೇರೆ ಹಾಕಿಕೊಳ್ಳುವುದು ಆ ವ್ರತದ ಸ್ವರೂಪ. ಇಲ್ಲಿ "ತಾನೇ" ಎಂಬ ಮಾತು ಮುಖ್ಯ. ತನ್ನದೆಂದು ಹೇಳಿಕೊಳ್ಳಲು ಒಂದು ಪೆನ್ಸಿಲೂ ಇಲ್ಲದ ಮಗು ಮೇರೆ ಹಾಕಿಕೊಳ್ಳುವುದು ಯಾವುದಕ್ಕೆ? ಇಲ್ಲದ್ದನ್ನು ಬಿಟ್ಟವನು ತ್ಯಾಗಿಯಲ್ಲ. ಆದ್ದರಿಂದ ಅವಿಭಕ್ತ ಮನೆಯ ಹಂಚಿಕೆಯನ್ನು ವ್ರತವೆಂದು ಕರೆಯುವಂತಿಲ್ಲ.

ಹಾಗೆಂದು ಅದು ನಿಷ್ಪ್ರಯೋಜಕವೂ ಅಲ್ಲ. ಉಮಾಸ್ವಾಮಿಗಳು ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ನೆಲೆಯನ್ನು ವಸ್ತುವಿನಲ್ಲಿ ಇಡದೆ, ವಸ್ತುವಿನ ಮೇಲಿನ ಮಮತೆಯಲ್ಲಿ ಇಟ್ಟಿದ್ದಾರೆ. ಒಂದು ವಸ್ತುವನ್ನು "ನನ್ನದು" ಎನ್ನದೆ ಬಳಸಬಹುದು, ಬಳಸಿದ ಮೇಲೆ ಇನ್ನೊಬ್ಬರಿಗೆ ಬಿಡಬಹುದು ಎಂಬ ಅನುಭವ ಎಳವೆಯಲ್ಲಿ ದೊರೆತವನಿಗೆ ಮುಂದೆ ವ್ರತ ಹಿಡಿಯುವುದು ಸುಲಭ. ಮನೆ ಅವನಿಗೆ ವ್ರತವನ್ನು ಕೊಡಲಿಲ್ಲ. ವ್ರತಕ್ಕೆ ಬೇಕಾದ ಹದವನ್ನು ಕೊಟ್ಟಿತು. ಬಿತ್ತುವ ಕೆಲಸ ಅವನಿಗೇ ಉಳಿಯಿತು.

ಇಲ್ಲಿಯೇ ಒಂದು ಎಚ್ಚರವೂ ಅಗತ್ಯ. "ನನ್ನದು" ಎಂಬುದು ಕರಗಿದ ಎಷ್ಟೋ ಮನೆಗಳಲ್ಲಿ "ನಮ್ಮದು" ಎಂಬುದು ಹೆಪ್ಪುಗಟ್ಟಿತು. ನಮ್ಮ ಮನೆತನ, ನಮ್ಮ ವಾಡೆ, ನಮ್ಮ ಎತ್ತಿನ ಜೋಡಿಗಳು, ಊರ ಪೂಜೆಯಲ್ಲಿ ನಮ್ಮ ಮೊದಲ ಕಲಶ! ಹೊರಗಿನ ಪರಿಗ್ರಹಗಳು ಹತ್ತಾದರೆ ಒಳಗಿನವು ಹದಿನಾಲ್ಕು. ಆ ಹದಿನಾಲ್ಕರಲ್ಲಿ ಮಾನಕಷಾಯವೂ ಒಂದು. ಒಬ್ಬನ ಮಮಕಾರ ನಲವತ್ತು ಜನರ ಮಮಕಾರವಾದರೆ ಅದು ಕಡಿಮೆಯಾಯಿತೆಂದು ಅರ್ಥವಲ್ಲ. ಧಾರವಾಡ ಜಿಲ್ಲೆಯ ಲೋಕೂರಿನ ನರಸಿಂಗನವರ ಕುಟುಂಬವು ನೂರಕ್ಕೂ ಹೆಚ್ಚು ಸದಸ್ಯರ ಅವಿಭಕ್ತ ಕುಟುಂಬವೆಂದು ಪತ್ರಿಕೆಗಳ ಮೂಲಕ ದೂರದವರೆಗೂ ಹೆಸರಾದುದುಂಟು. ಇಂತಹ ಸುದ್ದಿಯನ್ನು ಓದುವವರು ಬೆರಗಾಗುವುದು ಸಂಖ್ಯೆಗೆ. ಆದರೆ ಅಷ್ಟು ಜನ ಕೂಡಿರುವುದರಲ್ಲಿ ನಿಜವಾಗಿ ಮೆಚ್ಚಬೇಕಾದದ್ದು ಸಂಖ್ಯೆಯಲ್ಲ. ಅಷ್ಟು ಜನರ ನಡುವೆ ದಿನದಿನವೂ ನಡೆಯಬೇಕಾದ ಕ್ಷಮೆ, ತಾಳ್ಮೆ ಮತ್ತು ನ್ಯಾಯ.

ಒಂದೇ ಧರ್ಮ, ಎರಡು ಬಗೆಯ ಮನೆ

ಅವಿಭಕ್ತ ಕುಟುಂಬದ ಕಟ್ಟಳೆಯೇ ಧರ್ಮವೆಂದು ವಾದಿಸುವವರು ಕರ್ನಾಟಕದ ಜೈನ ಸಮಾಜದ ಒಂದು ವಿಶೇಷವನ್ನು ಗಮನಿಸಬೇಕು. ಉತ್ತರದ ಜಿಲ್ಲೆಗಳ ಜೈನ ಮನೆ ತಂದೆಯಿಂದ ಮಗನಿಗೆ ಇಳಿದ ಮನೆ. ಅಲ್ಲಿ ಸೊಸೆ ಹೊರಗಿನಿಂದ ಬಂದವಳು, ಮಗಳು ಹೊರಗೆ ಹೋಗತಕ್ಕವಳು. ಇದೇ ನಾಡಿನ ಕರಾವಳಿಯಲ್ಲಿ, ತುಳುನಾಡಿನ ಜೈನರಲ್ಲಿ ಬಹುಮಟ್ಟಿಗೆ ಅಳಿಯಸಂತಾನ ಪದ್ಧತಿ ನಡೆಯಿತು. ಅಲ್ಲಿ ವಂಶವು ತಾಯಿಯಿಂದ ಎಣಿಕೆಯಾಗುತ್ತಿತ್ತು, ಮನೆ ಅಕ್ಕತಂಗಿಯರದು ಮತ್ತು ಅವರ ಮಕ್ಕಳದು, ಯಜಮಾನಿಕೆ ಸೋದರಮಾವನದು. ತನ್ನ ಮಕ್ಕಳ ಮನೆಯಲ್ಲಿ ತಂದೆ ಒಬ್ಬ ಗೌರವದ ಅತಿಥಿ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಹುಟ್ಟಿದ ಚೌಟ ಅರಸುಮನೆತನವೂ ಜೈನರದೇ, ಅದು ನಡೆದದ್ದೂ ಇದೇ ಪದ್ಧತಿಯಲ್ಲಿ.

ಬೆಳಗಾವಿಯ ವಾಡೆಯಲ್ಲಿ ಯಾರನ್ನು ಹೊರಗಿನವಳೆಂದು ಕಂಡರೋ ಆ ಸ್ತ್ರೀಯೇ ಮೂಡಬಿದಿರೆಯ ಮನೆಯಲ್ಲಿ ವಂಶದ ಬೇರು. ಎರಡೂ ಮನೆಗಳಲ್ಲಿ ಪೂಜೆಗೊಂಡದ್ದು ಅದೇ ಜಿನಬಿಂಬ. ಎರಡೂ ಕಡೆ ಪಾಲಿಸಿದ್ದು ಅದೇ ಐದು ಅಣುವ್ರತಗಳನ್ನು. ಇದರಿಂದ ಸಿದ್ಧವಾಗುವುದೇನು? ಮನೆಯ ಅಧಿಕಾರ ಯಾರ ಕೈಯಲ್ಲಿರಬೇಕು, ಆಸ್ತಿ ಯಾವ ದಾರಿಯಲ್ಲಿ ಇಳಿಯಬೇಕು ಎಂಬುದು ದೇಶಕಾಲಗಳಿಗೆ ಸೇರಿದ ಲೋಕರೂಢಿ. ಅದು ಬದಲಾಗಬಲ್ಲದು, ಬದಲಾಗಿದೆ ಕೂಡ. ಅಳಿಯಸಂತಾನದಲ್ಲಿ ಹಿಂದೆ ಎಲ್ಲರ ಒಪ್ಪಿಗೆಯಿಲ್ಲದೆ ಒಬ್ಬರು ಪಾಲು ಪಡೆಯುವಂತಿರಲಿಲ್ಲ. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸಿತು. 1974ರ ಭೂಸುಧಾರಣೆಯಲ್ಲಿ ಗೇಣಿಯ ಭೂಮಿ ಉಳುವವರ ಪಾಲಾದಾಗ ಗೇಣಿಯ ಅಕ್ಕಿಯಿಂದಲೇ ನಡೆಯುತ್ತಿದ್ದ ದೊಡ್ಡ ಮನೆಗಳ ಒಲೆ ತಾನಾಗಿ ಸಣ್ಣದಾಯಿತು. ವಿದ್ಯಾಭ್ಯಾಸ, ಬ್ಯಾಂಕಿನ ನೌಕರಿ, ಮುಂಬಯಿಯ ವ್ಯಾಪಾರಗಳು ಉಳಿದ ಕೆಲಸವನ್ನು ಮಾಡಿದವು. ಯಾರೊಬ್ಬರ ದುರ್ಬುದ್ಧಿಯಿಂದಲೂ ಆ ಮನೆಗಳು ಒಡೆಯಲಿಲ್ಲ. ಅವುಗಳನ್ನು ಕಟ್ಟಿದ್ದ ಕಾರಣಗಳು ಹೋದವು, ಮನೆಗಳೂ ಹೋದವು. ಆದ್ದರಿಂದ "ಇಂದಿನ ಸೊಸೆಯರು ಬಂದು ಮನೆ ಒಡೆದರು" ಎಂದು ದೂರುವುದು ಸುಳ್ಳು ಹೇಳಿದಂತೆ.

ಸಂಜೆಯ ಊಟ

ಅನೇಕಾಂತವು ಜೈನದರ್ಶನವು ಲೋಕಕ್ಕೆ ಕೊಟ್ಟ ದೊಡ್ಡ ಕಾಣಿಕೆ. ವಸ್ತುವಿಗೆ ಅನಂತ ಧರ್ಮಗಳಿರುವುದರಿಂದ ಒಂದೇ ನಯದಿಂದ ನೋಡಿ ಇದೇ ಪೂರ್ಣಸತ್ಯವೆಂದು ಹೇಳಬಾರದೆಂಬುದು ಅದರ ಸಾರ. ಈ ತತ್ತ್ವವನ್ನು ವಾದಸಭೆಯಲ್ಲಿ ಮೆರೆಸುವುದು ಸುಲಭ. ಸ್ವಂತ ಮನೆಯ ನೆನಪಿಗೆ ಅನ್ವಯಿಸುವುದು ಕಷ್ಟ.

ಹೊತ್ತು ಮುಳುಗುವ ಮುನ್ನ ನಡೆಯುತ್ತಿದ್ದ ಊಟವನ್ನೇ ತೆಗೆದುಕೊಳ್ಳಬಹುದು. ಮಗುವಿನ ನೆನಪಿನಲ್ಲಿ ಅದು ದಿನದ ಅತ್ಯಂತ ಸುಖದ ಗಳಿಗೆ. ಹೊಲದಿಂದ ಬಂದ ಗಂಡಸರು ಕೈಕಾಲು ತೊಳೆದು ಸಾಲಾಗಿ ಕುಳಿತುಕೊಳ್ಳುವುದು, ಎದುರಿನ ಸಾಲಿನಲ್ಲಿ ಮಕ್ಕಳು, ಬಿಸಿ ರೊಟ್ಟಿ ಒಲೆಯಿಂದ ನೇರವಾಗಿ ಎಲೆಗೆ, ಪಡುವಣದ ಕಿಟಕಿಯಿಂದ ಕೆಂಪು ಬಿಸಿಲು. ಇದು ಸತ್ಯ, ಮಗು ಸುಳ್ಳು ಹೇಳುತ್ತಿಲ್ಲ.

ಆದರೆ ಅದೇ ಊಟಕ್ಕೆ ಒಲೆಯ ಮುಂದೆ ಕುಳಿತವಳ ನೆನಪೂ ಒಂದಿದೆ. ಗಂಡಸರ ಪಂಕ್ತಿ ಮುಗಿಯಬೇಕು, ಮಕ್ಕಳದಾಗಬೇಕು, ವೃದ್ಧೆಯರದಾಗಬೇಕು. ಅದಾದ ಮೇಲೆ ಸೊಸೆಯಂದಿರದು, ಅವರಲ್ಲಿಯೂ ಕಿರಿಯವಳದು ಕೊನೆಗೆ. ಹೊತ್ತು ಬೇಗನೆ ಮುಳುಗುವ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ, ಹೊಲದ ಕೆಲಸ ತಡವಾದ ದಿನ, ಅವಳ ಸರದಿ ಬರುವಷ್ಟರಲ್ಲಿ ಸೂರ್ಯ ಇರುತ್ತಿರಲಿಲ್ಲ. ವ್ರತ ಮುರಿಯುವಂತಿಲ್ಲ, ಅವಳು ನೀರನ್ನೂ ಕುಡಿಯದೆ ಮಲಗುತ್ತಿದ್ದಳು. ಮರುದಿನ ನಸುಕಿಗೆ ಎದ್ದು ಬೀಸುವ ಕಲ್ಲಿನ ಮುಂದೆ ಕೂರುವವಳೂ ಅವಳೇ. ನಲವತ್ತು ಜನರ ವ್ರತವನ್ನು ಕಾಯ್ದವಳ ಹಸಿವನ್ನು ಆ ನಲವತ್ತು ಜನರಲ್ಲಿ ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಒಂದೇ ವ್ರತ, ಒಂದೇ ಮನೆ, ಒಂದೇ ಸಂಜೆ. ಮಗುವಿಗೆ ಅದು ಆನಂದ, ಅವಳಿಗೆ ಹಸಿವು. ಕಣ್ಣಿಗೆ ಕಾಣದ ಜೀವಿಗಳ ಮೇಲಿನ ದಯೆಗಾಗಿ ಹುಟ್ಟಿದ ನಿಯಮವು ಕಣ್ಣೆದುರಿನ ಜೀವಿಯೊಂದನ್ನು ಹಸಿದಿರಿಸಿದಾಗ ದೋಷ ನಿಯಮದ್ದಲ್ಲ, ಪಂಕ್ತಿಯ ಕ್ರಮದ್ದು. ಅಡುಗೆ ಮಾಡುವವರಿಗೆ ಮೊದಲ ಪಂಕ್ತಿಯೆಂದು ಯಜಮಾನ ಒಂದು ಮಾತು ಹೇಳಿದ್ದರೆ ವ್ರತವೂ ಉಳಿಯುತ್ತಿತ್ತು, ಅವಳೂ ಉಣ್ಣುತ್ತಿದ್ದಳು. ಹಾಗೆ ಹೇಳಿದ ಯಜಮಾನರೂ ಇದ್ದರು. ಹಿರಿಯ ಸೊಸೆ ಒಂದು ಎಲೆಯನ್ನು ಮೊದಲೇ ಬಡಿಸಿ ಕಿರಿಯವಳನ್ನು ಒಳಕೋಣೆಗೆ ಕಳುಹಿದ ಮನೆಗಳೂ ಇದ್ದವು. ಅಂತಹ ಮನೆಗಳಲ್ಲಿ ಅಹಿಂಸೆ ಒಲೆಯವರೆಗೂ ಬಂದಿತ್ತು.

ಬರೆಯದೆ ಉಳಿದ ಖಾತೆ

ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಅವಿಭಕ್ತ ಮನೆಯ ಕಿರ್ದಿಯಲ್ಲಿ ಕೆಲವು ಜಮೆಗಳು ಬರೆಯದೆಯೇ ಉಳಿದವು. ಹತ್ತಿಯ ದರ ಬಿದ್ದ ವರ್ಷ, ಮಳೆ ತಪ್ಪಿದ ವರ್ಷ, ಅಂಗಡಿಗೆ ಬಂಡವಾಳ ಬೇಕಾದ ವರ್ಷ ಸೊಸೆಯರ ಬಂಗಾರ ಅಡವಿಗೆ ಹೋಯಿತು. ಸಾಹುಕಾರನ ಬಡ್ಡಿಯನ್ನು ಪೈಸೆ ಬಿಡದೆ ಬರೆದ ಕಿರ್ದಿಯಲ್ಲಿ ಆ ಬಂಗಾರ ಯಾರ ಹೆಸರಿಗೂ ಜಮೆಯಾಗಲಿಲ್ಲ. ಬಿಡಿಸಿಕೊಳ್ಳಲಾಗದೆ ಅದು ಮುಳುಗಿದ ಮೇಲೆ, ಮುಂದೆ ಪಾಲಿನ ದಿನ ಅದನ್ನು ಯಾರೂ ಎತ್ತಲಿಲ್ಲ. ವಿಧವೆಯಾಗಿ ತವರಿಗೆ ಮರಳಿದ ಅತ್ತೆಯೊಬ್ಬಳು ಐವತ್ತು ವರ್ಷ ಮಕ್ಕಳನ್ನು ಸಾಕಿದ ದುಡಿಮೆಗೆ ಯಾವ ಖಾತೆಯೂ ಇರಲಿಲ್ಲ. ಅವಳು ಉಂಡ ಅನ್ನಕ್ಕೆ ಮಾತ್ರ ಕೆಲವರ ನಾಲಿಗೆಯ ಮೇಲೆ ಖಾತೆಯಿತ್ತು.

ಕರ್ನಾಟಕದ ಜೈನರು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇವುಗಳಲ್ಲಿ ಅಭಯದಾನದ ಮೊದಲ ಪಾತ್ರ ಮನೆಯೊಳಗೇ ಇತ್ತು. ಬೇರೆ ಗತಿಯಿಲ್ಲದ ವಿಧವೆ, ದುಡಿಯಲಾಗದ ಅಣ್ಣ, ಬುದ್ಧಿ ಬೆಳೆಯದ ಮಗು, ಇವರಿಗೆಲ್ಲ ಆ ಮನೆ ನಿಜಕ್ಕೂ ಆಶ್ರಯವಾಗಿತ್ತು. ಇಂದಿನ ಎರಡು ಕೋಣೆಯ ಮನೆ ಅಷ್ಟು ಜನರಿಗೆ ಆಶ್ರಯವಾಗಲಾರದು. ಆದರೆ ಆಶ್ರಯ ಬೇರೆ, ಅಭಯ ಬೇರೆ. ಛಾವಣಿ ಕೊಟ್ಟು ದಿನವೂ ಅದನ್ನು ನೆನಪಿಸಿದರೆ ಅದು ಅಭಯವಲ್ಲ. ಜೈನರ ರೂಢಿ ಈ ವಿಷಯದಲ್ಲಿ ಹಿಂದಿನಿಂದಲೂ ಬೇರೆಯಾಗಿತ್ತೆಂಬುದಕ್ಕೆ ನ್ಯಾಯಾಲಯದ ಸಾಕ್ಷ್ಯವಿದೆ. ಮಕ್ಕಳಿಲ್ಲದ ಜೈನ ವಿಧವೆಯು ಗಂಡನ ಅನುಮತಿಯಿಲ್ಲದೆಯೇ ದತ್ತು ತೆಗೆದುಕೊಳ್ಳಬಹುದೆಂಬ, ಗಂಡನ ಸ್ವಯಾರ್ಜಿತದ ಮೇಲೆ ಅವಳಿಗೆ ಪೂರ್ಣ ಹಕ್ಕುಂಟೆಂಬ ರೂಢಿಯನ್ನು ಉತ್ತರ ಭಾರತದ ಮೊಕದ್ದಮೆಯೊಂದರಲ್ಲಿ ಪ್ರಿವಿ ಕೌನ್ಸಿಲು 1878ರಷ್ಟು ಹಿಂದೆಯೇ ಮಾನ್ಯ ಮಾಡಿತು. ಹಕ್ಕನ್ನು ಒಪ್ಪಿದ ಸಮಾಜವು ಅದನ್ನು ಮನೆಯೊಳಗೆ ಎಷ್ಟು ನಡೆಸಿತೆಂಬುದು ಬೇರೆಯ ಮಾತು.

ಆದಿಪುರಾಣದ ಪಾಲು

ಪಾಲು ಆಗುವುದೇ ಅಧರ್ಮವೆಂದು ಭಾವಿಸುವವರು ಆದಿತೀರ್ಥಂಕರರ ಕಥೆಯನ್ನು ನೆನೆಯಬೇಕು. ಜಿನಸೇನರು ಸಂಸ್ಕೃತದಲ್ಲಿ, ಪಂಪನು 941ರಲ್ಲಿ ಕನ್ನಡದಲ್ಲಿ ಹೇಳಿದ ಆ ಕಥೆಯಲ್ಲಿ ವೃಷಭನಾಥರು ದೀಕ್ಷೆಗೆ ಮುನ್ನ ರಾಜ್ಯವನ್ನು ಮಕ್ಕಳಿಗೆ ಹಂಚಿಕೊಟ್ಟರು. ಭರತನಿಗೆ ಅಯೋಧ್ಯೆ, ಬಾಹುಬಲಿಗೆ ಪೌದನಪುರ, ಉಳಿದವರಿಗೆ ಉಳಿದ ನಾಡುಗಳು. ಪಾಲು ಮಾಡಿದ್ದರಲ್ಲಿ ದೋಷವಿರಲಿಲ್ಲ. ಕೊಟ್ಟ ಪಾಲು ಸಾಲದೆಂದು ಇನ್ನೊಬ್ಬನ ಪಾಲಿಗೆ ಕೈ ಚಾಚಿದ್ದರಲ್ಲಿ ದೋಷವಿತ್ತು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದ ಬಾಹುಬಲಿಯು ಗೆದ್ದುದನ್ನೇ ಬಿಟ್ಟು ನಡೆದನು. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷಗಳಿಂದ ನಿಂತಿರುವ ಮೂರ್ತಿಯ ಹಿಂದೆ ಇರುವುದು ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯವೇ. 2018ರ ಮಹಾಮಸ್ತಕಾಭಿಷೇಕಕ್ಕೆ ಒಂದೇ ಬಸ್ಸಿನಲ್ಲಿ ಹೋಗಿ ಬಂದ ಅಣ್ಣತಮ್ಮಂದಿರು ಮರುವಾರ ಗಡಿಕಲ್ಲಿನ ಮೊಕದ್ದಮೆಗೆ ನ್ಯಾಯಾಲಯದಲ್ಲಿ ಎದುರುಬದುರಾಗಿ ನಿಂತಿದ್ದರೆ ಆ ಅಭಿಷೇಕದ ನೀರು ಅವರಿಗೆ ಮುಟ್ಟಲಿಲ್ಲವೆಂದೇ ಹೇಳಬೇಕು.

ಅದೇ ಕಥೆಯಲ್ಲಿ ಹೆಣ್ಣುಮಕ್ಕಳ ಪಾಲೂ ಬರುತ್ತದೆ. ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ತಂದೆ ತಾನೇ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದನು. ಗಂಡುಮಕ್ಕಳಿಗೆ ಕೊಟ್ಟ ನಾಡುಗಳು ಯುದ್ಧಕ್ಕೆ ಕಾರಣವಾದವು. ಹೆಣ್ಣುಮಕ್ಕಳಿಗೆ ಕೊಟ್ಟ ವಿದ್ಯೆ ಲೋಕದ ಸೊತ್ತಾಯಿತು. ಈ ಕಥೆಯನ್ನು ಮುಂದಿಟ್ಟು "ಹೆಣ್ಣಿಗೆ ವಿದ್ಯೆ ಸಾಕು, ಆಸ್ತಿ ಬೇಡ" ಎನ್ನುವವರು ಉಂಟು. ಆ ಸಹೋದರಿಯರು ಆರ್ಯಿಕೆಯರಾಗಿ ಎಲ್ಲವನ್ನೂ ತೊರೆದವರು. ಸಂಸಾರದಲ್ಲಿರುವ ತಂಗಿಗೆ ಆರ್ಯಿಕೆಯ ವೈರಾಗ್ಯವನ್ನು ಅಣ್ಣನು ವಿಧಿಸುವುದು ನ್ಯಾಯವಲ್ಲ. ವೈರಾಗ್ಯವನ್ನು ಉಪದೇಶಿಸಬೇಕೆಂದಿದ್ದರೆ ಅವನು ತನ್ನ ಪಾಲಿನಿಂದ ತೊಡಗಲಿ.

ಹಕ್ಕು ಬಿಡುಗಡೆ ಪತ್ರ

ಇಲ್ಲಿಗೆ ವಿಚಾರವು ಇಂದಿನ ದಿನಕ್ಕೆ ಬಂದು ಮುಟ್ಟುತ್ತದೆ. ಹಳೆಯ ಮನೆಗಳು ಈಗ ಮಾರಾಟವಾಗುತ್ತಿವೆ. ಹೊಲಗಳ ಬೆಲೆ ಏರಿದೆ. ಕರ್ನಾಟಕವು 1994ರಲ್ಲಿ, ಅನಂತರ 2005ರ ತಿದ್ದುಪಡಿಯಿಂದ ಇಡೀ ದೇಶವು ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಾನ ಹಕ್ಕನ್ನು ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಮಾರಾಟಕ್ಕೆ ಮುನ್ನ ಅಕ್ಕತಂಗಿಯರನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಎಲ್ಲೆಡೆ ಕಾಣುವ ದೃಶ್ಯ. ಸೀರೆ ಕುಬುಸ, ಹೋಳಿಗೆಯೂಟ, ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು. ಸಂಜೆಯ ಬಸ್ಸಿಗೆ ಅವಳು ಹೊರಡುತ್ತಾಳೆ.

ಇದು ಕಾನೂನಿಗೆ ಸರಿಯಿರಬಹುದು. ಆದರೆ ಶ್ರಾವಕನು ಕೇಳಿಕೊಳ್ಳಬೇಕಾದ ಪ್ರಶ್ನೆ ಕಾನೂನಿನದಲ್ಲ. ಮೂರನೆಯ ಅಣುವ್ರತದ ದೃಷ್ಟಿಯಲ್ಲಿ ಕಳವೆಂದರೆ ಗೋಡೆಗೆ ಕನ್ನ ಹಾಕುವುದು ಮಾತ್ರವಲ್ಲ, ಕೊಡದಿರುವುದನ್ನು ತೆಗೆದುಕೊಳ್ಳುವುದೆಲ್ಲವೂ ಅದೇ. ಅದಕ್ಕಾಗಿಯೇ ಶಾಸ್ತ್ರವು ಅದನ್ನು ಅದತ್ತಾದಾನವೆಂದು ಕರೆಯುತ್ತದೆ. ಅವಳು ಸಹಿ ಹಾಕಿದಳು, ನಿಜ, ಆದರೆ ಕೊಟ್ಟಳೇ? ಪತ್ರದಲ್ಲಿ ಏನಿದೆಯೆಂದು ಅವಳಿಗೆ ಓದಿ ಹೇಳಲಾಯಿತೇ? ಆಸ್ತಿಯ ಬೆಲೆ ಅವಳಿಗೆ ಗೊತ್ತಿತ್ತೇ? "ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ" ಎಂಬ ಭಯ ಅವಳಿಗೆ ಇರಲಿಲ್ಲವೇ? ಭಯದಿಂದ ಬಿಟ್ಟದ್ದು ದಾನವಲ್ಲ. ಹಾಗೆ ಬಂದದ್ದನ್ನು ಇಟ್ಟುಕೊಂಡವನ ಅಚೌರ್ಯವ್ರತ ಉಳಿಯುವುದಿಲ್ಲ. ತೂಕದಲ್ಲಿ ಹೆಚ್ಚು ಕಡಿಮೆ ಮಾಡುವುದನ್ನು ಶಾಸ್ತ್ರವು ಆ ವ್ರತದ ಅತಿಚಾರಗಳಲ್ಲಿ ಎಣಿಸಿದೆ. ಅಂಗಡಿಯ ತಕ್ಕಡಿಯಲ್ಲಿ ಗ್ರಾಮು ತಪ್ಪದ ವ್ಯಾಪಾರಿಯು ಮನೆಯ ತಕ್ಕಡಿಯಲ್ಲಿ ಎಕರೆಗಟ್ಟಲೆ ತಪ್ಪಿದರೆ ಅವನ ನಿಷ್ಠೆ ಗಿರಾಕಿಯ ಮೇಲಿನ ಭಯವೇ ಹೊರತು ಧರ್ಮವಲ್ಲ. ಎಲ್ಲವನ್ನೂ ತಿಳಿಸಿ, ಬೆಲೆಯನ್ನು ಹೇಳಿ, ಯೋಚಿಸಲು ಕಾಲ ಕೊಟ್ಟು ಕೇಳಿದ ಮೇಲೆ ಅವಳಾಗಿ ಬಿಟ್ಟುಕೊಟ್ಟರೆ ಅದು ನಿಜವಾದ ತ್ಯಾಗ. ಅಂತಹ ತ್ಯಾಗ ಮಾಡಿದ ಸಹೋದರಿಯರೂ ಸಮಾಜದಲ್ಲಿ ಬಹಳ ಜನರಿದ್ದಾರೆ.

ಮನೆದೇವರು ಮತ್ತು ಬಸದಿ

ಪಾಲಿನ ದಿನ ಹಂಚಲಾಗದ ಎರಡು ಮಾತ್ರ ಉಳಿಯುತ್ತವೆ: ಮನೆಯ ಚೈತ್ಯಾಲಯದ ಜಿನಬಿಂಬ ಮತ್ತು ಮುಪ್ಪಿನ ತಂದೆತಾಯಿ. ಬಿಂಬವನ್ನು "ನೀನಿಟ್ಟುಕೋ" ಎಂದು ಒಬ್ಬರು ಇನ್ನೊಬ್ಬರಿಗೆ ದೂಡುತ್ತಾರೆ. ನಿತ್ಯಪೂಜೆಯ ಭಾರ ಯಾರಿಗೂ ಬೇಡ. ತಂದೆತಾಯಿಗಳನ್ನು ತಿಂಗಳಿಗೊಬ್ಬರಂತೆ ಪಾಳಿಯ ಮೇಲೆ ಇಟ್ಟುಕೊಳ್ಳುತ್ತಾರೆ. ಕೆಲವೊಮ್ಮೆ ತಂದೆ ಒಬ್ಬನ ಮನೆಗೆ, ತಾಯಿ ಇನ್ನೊಬ್ಬನ ಮನೆಗೆ. ವೃದ್ಧರಿಗೆ ಮಕ್ಕಳಿಂದ ಜೀವನಾಂಶ ಕೊಡಿಸಲು 2007ರಲ್ಲಿ ಕೇಂದ್ರ ಸರಕಾರವು ಕಾಯಿದೆ ಮಾಡಬೇಕಾಯಿತೆಂಬುದು ಎಲ್ಲ ಸಮಾಜಗಳೂ ತಲೆತಗ್ಗಿಸತಕ್ಕ ವಿಷಯ.

ಬಸದಿಗಳ ಆಡಳಿತ ಮಂಡಳಿಗಳಿಗೆ ಇಲ್ಲಿ ಕೆಲಸವಿದೆ. ಪೂಜೆ ನಿಂತ ಮನೆಯ ಬಿಂಬವನ್ನು ವಿಧಿಪೂರ್ವಕವಾಗಿ ಬಸದಿಗೆ ಬರಮಾಡಿಕೊಳ್ಳುವಂತೆಯೇ, ಪಾಲಿನ ವ್ಯಾಜ್ಯವುಳ್ಳ ಮನೆಗಳ ಹಿರಿಯರನ್ನು ದಶಲಕ್ಷಣದ ಕೊನೆಯಲ್ಲಿ ಬರುವ ಕ್ಷಮಾವಾಣಿಯ ದಿನ ಕರೆಸಿ ಒಂದೆಡೆ ಕೂರಿಸಬಹುದು. ತಂಗಿಯ ಪಾಲನ್ನು ಮರೆಮಾಡಿ ಬಂದ ಹಣದಿಂದ ಕಲಶದ ಸವಾಲು ಕೂಗುವವನಿಗೆ ಮಣೆ ಹಾಕುವ ಮುನ್ನ ಒಂದು ಗಳಿಗೆ ಯೋಚಿಸಬಹುದು. ದೇವದ್ರವ್ಯವನ್ನು ಸ್ವಂತಕ್ಕೆ ಬಳಸುವುದು ಮಹಾಪಾಪವೆಂದು ಎಲ್ಲ ಮೊಕ್ತೇಸರರೂ ಬಲ್ಲರು. ಅವಿಭಕ್ತ ಮನೆಯ ಯಜಮಾನನೂ ಅಂಥದೇ ಮೊಕ್ತೇಸರ. ಅವನ ಕೈಯಲ್ಲಿದ್ದುದು ಅವನದಲ್ಲ. ಮಾತನಾಡಲಾರದವರೆಲ್ಲರ ಪಾಲೂ ಅದರಲ್ಲಿತ್ತು.

ಲೆಕ್ಕ ಮತ್ತು ಪ್ರೀತಿ

ಇದಕ್ಕೆ ಒಂದು ಆಕ್ಷೇಪ ಬರುವುದುಂಟು. ಮನೆಯೊಳಗೆ ಲೆಕ್ಕ ಬಂದರೆ ಪ್ರೀತಿ ಹೋಗುತ್ತದೆ. ಅಂದಿನ ಮನೆ ಉಳಿದದ್ದು ಲೆಕ್ಕ ಕೇಳದವರಿಂದ ಎಂದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಮಗು ಕುಡಿದ ಹಾಲನ್ನು ಬರೆದಿಡುವ ಮನೆ ಮನೆಯಲ್ಲ, ಖಾನಾವಳಿ. ಆದರೆ ಲೆಕ್ಕ ಕೇಳದೆ ಇದ್ದವರು ಯಾರು, ಕೇಳಲು ಶಕ್ತಿಯಿಲ್ಲದೆ ಇದ್ದವರು ಯಾರು ಎಂಬುದನ್ನು ಬೇರ್ಪಡಿಸಬೇಕು. ಬಸದಿಯ ಭಂಡಾರಕ್ಕೆ ಪೈಸೆ ಪೈಸೆಯ ಲೆಕ್ಕವಿಡುವುದು ಭಕ್ತಿಯ ಕೊರತೆಯಿಂದಲ್ಲ, ಭಕ್ತಿಯಿಂದಲೇ. ಆದ್ದರಿಂದ ಮನೆಗೆ ತಕ್ಕ ನಿಯಮವನ್ನು ಹೀಗೆ ಹೇಳಬಹುದು: ತಾನು ಕೊಟ್ಟದ್ದನ್ನು ಬರೆಯಬಾರದು, ತಾನು ತೆಗೆದುಕೊಂಡದ್ದನ್ನು ಬರೆಯದೆ ಬಿಡಬಾರದು. ಅಣ್ಣನು ತಮ್ಮನ ಓದಿಗೆ ಕೊಟ್ಟದ್ದನ್ನು ಮರೆಯಲಿ. ತಮ್ಮನು ಅದನ್ನು ಮರೆಯದಿರಲಿ. ಅತ್ತೆ ಸಾಕಿದ್ದನ್ನು ಅತ್ತೆ ಮರೆಯಲಿ, ಸಾಕಿಸಿಕೊಂಡವರು ನೆನೆಯಲಿ. ಹಳೆಯ ಮನೆಗಳಲ್ಲಿ ಎಲ್ಲಿ ಈ ನಿಯಮ ನಡೆಯಿತೋ ಅಲ್ಲಿ ಪಾಲಾದ ಮೇಲೂ ಮಕ್ಕಳು ಒಂದಾಗಿ ಉಳಿದರು; ಎಲ್ಲಿ ಇದು ತಿರುಗುಮುರುಗಾಯಿತೋ ಅಲ್ಲಿ ಒಂದೇ ಸೂರಿನಡಿಯಲ್ಲಿಯೇ ಮನಸ್ಸುಗಳು ಪಾಲಾದವು.

ಆರಂಭದ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಕೂಡಿ ಬಾಳುವುದು ವ್ಯವಸ್ಥೆ. ಅದು ಕಾಲದೊಂದಿಗೆ ಬಂತು, ಕಾಲದೊಂದಿಗೆ ಹೋಯಿತು. ಜೀವಗಳು ಒಂದಕ್ಕೊಂದು ಉಪಕಾರಿಗಳಾಗಿರುವುದು ಧರ್ಮ. ಅದಕ್ಕೆ ಒಂದೇ ಸೂರು ಬೇಕೆಂಬ ನಿಯಮವಿಲ್ಲ. ತೆರಿಗೆಯ ಕಡತದಲ್ಲಿ ಅವಿಭಕ್ತ ಕುಟುಂಬವಾಗಿದ್ದು ಹಬ್ಬದ ದಿನವೂ ಒಬ್ಬರ ಮುಖ ಒಬ್ಬರು ನೋಡದವರಿದ್ದಾರೆ. ಮೂರು ಊರುಗಳಲ್ಲಿ ಮೂರು ಒಲೆ ಹೂಡಿಯ ಮೇಲೂ ತಂದೆಯಿಲ್ಲದ ಅಣ್ಣನ ಮಗನ ಶುಲ್ಕವನ್ನು ತನ್ನ ಮಗನ ಶುಲ್ಕಕ್ಕಿಂತ ಮೊದಲು ಕಟ್ಟುವವರೂ ಇದ್ದಾರೆ. ಇವರಲ್ಲಿ ಯಾರು ಅವಿಭಕ್ತರೆಂಬುದನ್ನು ವಿವರಿಸಬೇಕಾಗಿಲ್ಲ.

ಶ್ರಾವಕನ ವ್ರತಗಳಲ್ಲಿ ಅತಿಥಿಸಂವಿಭಾಗವೆಂಬುದೊಂದು ಇದೆ. ಸತ್ಪಾತ್ರನಾದ ಅತಿಥಿಗೆ ತನ್ನ ಅನ್ನದಲ್ಲಿ ಭಾಗ ಕೊಡುವುದು ಅದರ ಅರ್ಥ. ವಿಭಾಗವೆಂದರೆ ಒಡೆಯುವುದು, ಸಂವಿಭಾಗವೆಂದರೆ ಸಮನಾಗಿ, ಸರಿಯಾಗಿ, ಸಂತೋಷದಿಂದ ಹಂಚುವುದು. ಆಸ್ತಿಯ ವಿಭಾಗವನ್ನು ಇನ್ನು ಯಾರೂ ತಡೆಯಲಾರರು. ಬಾಲ್ಯದ ಮನೆಯನ್ನು ನೆನೆದು ಮರುಗುವ ಹಿರಿಯರು ಮಕ್ಕಳಿಗೆ ಆ ಮನೆಯ ಪಡಸಾಲೆಯ ಕಥೆಯೊಂದಿಗೆ ಅದರ ಅಡುಗೆಮನೆಯ ಕಥೆಯನ್ನೂ ಹೇಳಲಿ. ಅಂದು ಬರೆಯದೆ ಉಳಿದ ಖಾತೆಗಳಲ್ಲಿ ಇಂದು ತೀರಿಸಬಹುದಾದದ್ದು ಏನಾದರೂ ಇದ್ದರೆ, ತಂಗಿಯೋ ಅತ್ತಿಗೆಯೋ ಬದುಕಿರುವಾಗಲೇ, ಅದನ್ನು ತೀರಿಸಲಿ. ಮಕ್ಕಳಿಗೆ ಬಿಟ್ಟುಹೋಗಬಹುದಾದ ಪಿತ್ರಾರ್ಜಿತಗಳಲ್ಲಿ ಅದಕ್ಕಿಂತ ಶುದ್ಧವಾದದ್ದು ಬೇರೊಂದಿಲ್ಲ.